ಕರುಳಿನ ಕ್ಯಾನ್ಸರ್ ಲಿವರ್‌ಗೆ ಹರಡಿದರೆ ಎಲ್ಲಾ ಮುಗೀತಾ?

"ಲಿವರ್‌ಗೂ ಹರಡಿದೆ, ಇನ್ನೇನೂ ಮಾಡೋಕಾಗಲ್ಲ" ಅನ್ನೋದು ಎಲ್ಲರ ವಿಷಯದಲ್ಲೂ ನಿಜವಲ್ಲ. ದೊಡ್ಡ ಕರುಳಿನ ರಕ್ತ ಪೋರ್ಟಲ್ ರಕ್ತನಾಳದ ಮೂಲಕ ನೇರ ಲಿವರ್‌ಗೆ ಹೋಗುವುದರಿಂದ ಕ್ಯಾನ್ಸರ್ ಹೆಚ್ಚಾಗಿ ಮೊದಲು ಅಲ್ಲಿಗೇ ಹರಡುತ್ತದೆ. ಗಡ್ಡೆಗಳನ್ನು ಪೂರ್ತಿ ತೆಗೆದ ಮೇಲೂ ಸುಮಾರು ಶೇ. 30ರಷ್ಟು ಒಳ್ಳೆಯ ಲಿವರ್ ಉಳಿಯುವಂತಿದ್ದರೆ ಸರ್ಜರಿ ಮಾಡಬಹುದು. ಉಳಿದ ಭಾಗ ಮತ್ತೆ ಬೆಳೆಯುತ್ತದೆ. ಕೆಲವರಿಗೆ ಮೊದಲು ಕೀಮೋ ಕೊಟ್ಟು ಗಡ್ಡೆ ಕುಗ್ಗಿಸುತ್ತಾರೆ. ಸರ್ಜರಿಯಾದವರಲ್ಲಿ ಸುಮಾರು ಶೇ. 40 ಮಂದಿ 5 ವರ್ಷ ದಾಟುತ್ತಾರೆ. ಆದರೆ ರೋಗ ಮರುಕಳಿಸಬಹುದು, ಸಿಇಎ ರಕ್ತಪರೀಕ್ಷೆ ಮತ್ತು ಸಿಟಿ ಸ್ಕ್ಯಾನ್ ತಪ್ಪಿಸಬಾರದು.

ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಕನ್ನಡಿಗರಿಗೆ ಮಿರಜಿನ ಸಿದ್ಧಿವಿನಾಯಕ ಗಣಪತಿ ಕ್ಯಾನ್ಸರ್ ಆಸ್ಪತ್ರೆ ಹತ್ತಿರ. ಮುಂಬೈಯ ಟಾಟಾ ಮೆಮೋರಿಯಲ್, ಬೆಂಗಳೂರಿನ ಕಿದ್ವಾಯಿಯಲ್ಲೂ ತೋರಿಸಬಹುದು. ಮಹಾರಾಷ್ಟ್ರದ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಯೂ ಸೇರಿದೆ. ರೇಷನ್ ಕಾರ್ಡ್ ಜೊತೆಗಿರಲಿ. ಲಿವರ್ ಸರ್ಜನ್ ಒಮ್ಮೆ ಸ್ಕ್ಯಾನ್ ನೋಡುವ ಮೊದಲೇ ಆಸೆ ಬಿಡಬೇಡಿ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಅಂತ ಸುಮ್ಮನಿರಲೂ ಬೇಡಿ.