ಬಾಗಿಲಾಚೆಯ ‘ಫಿಯರ್’ ಮನಸ್ಸಿನೊಳಗೆ ಬಂದದ್ದು

‘ಫಿಯರ್’ ಎಂದರೆ ಭಯ, ಹೆದರಿಕೆ. ಇಂಗ್ಲಿಷ್ ಕಲಿಯತೊಡಗಿದ ಮಕ್ಕಳಿಗೂ ಇದು ಗೊತ್ತು. ಆದರೆ ಸುಮಾರು ಸಾವಿರ ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಯಾರಾದರೂ ಈ ಪದವನ್ನು ಉಚ್ಚರಿಸಿದ್ದರೆ, ಕೇಳಿದವರು ಆಡಿದವನ ಮುಖ ನೋಡುತ್ತಿರಲಿಲ್ಲ, ಬಾಗಿಲ ಕಡೆ ನೋಡುತ್ತಿದ್ದರು. ಆಗ ಅದು ಮನಸ್ಸಿನ ಭಾವನೆಯೊಂದರ ಹೆಸರಾಗಿರಲಿಲ್ಲ. ಹೊರಗಿನಿಂದ ಬಂದು ಎರಗುವ ವಿಪತ್ತಿನ ಹೆಸರಾಗಿತ್ತು.

ಹಳೆಯ ಇಂಗ್ಲಿಷಿನಲ್ಲಿ ಈ ಪದದ ರೂಪ ‘ಫ್ಯಾರ್’. ದಿಢೀರನೆ ಬಂದೊದಗುವ ಅಪಾಯ, ಅನಿರೀಕ್ಷಿತ ದಾಳಿ ಎಂಬುದು ಅದರ ಅರ್ಥ. ‘ಬಿಯೊವುಲ್ಫ್’ ಎಂಬ ಪ್ರಾಚೀನ ವೀರಕಾವ್ಯದಲ್ಲಿ ಯೋಧರ ಮೇಲೆ ಹಠಾತ್ತನೆ ಬಂದ ಆಪತ್ತನ್ನು ಹೇಳಲು ಈ ಪದವೇ ಬಳಕೆಯಾಗಿದೆ. ಇದರ ದಾಯಾದಿ ಪದಗಳು ಹಳೆಯ ಅರ್ಥವನ್ನು ಇಂದಿಗೂ ಬಿಟ್ಟುಕೊಟ್ಟಿಲ್ಲ. ಜರ್ಮನ್ ಭಾಷೆಯ ‘ಗೆಫಾರ್’ ಎಂದರೆ ಅಪಾಯವೇ ಹೊರತು ಭಯವಲ್ಲ. ಡಚ್ಚರ ‘ಖೆವಾರ್’ ಕೂಡ ಹಾಗೆಯೇ. ಇನ್ನೂ ಆಳಕ್ಕೆ ಇಳಿದ ಭಾಷಾಶಾಸ್ತ್ರಜ್ಞರು ಇದರ ಬೇರನ್ನು ‘ಪ್ರಯತ್ನಿಸು, ಗಂಡಾಂತರಕ್ಕೆ ಒಡ್ಡಿಕೊಳ್ಳು’ ಎಂಬ ಅರ್ಥದ ಒಂದು ಪುರಾತನ ಧಾತುವಿನಲ್ಲಿ ಗುರುತಿಸುತ್ತಾರೆ. ಅಪಾಯ ಎಂಬರ್ಥದ ‘ಪೆರಿಲ್’, ಅನುಭವ ಎಂಬರ್ಥದ ‘ಎಕ್ಸ್‌ಪೀರಿಯನ್ಸ್’, ಪರಿಣತ ಎಂಬರ್ಥದ ‘ಎಕ್ಸ್‌ಪರ್ಟ್’, ಕಡಲ್ಗಳ್ಳ ಎಂಬರ್ಥದ ‘ಪೈರೇಟ್’ ಇವೆಲ್ಲ ಅದೇ ಬೇರಿನ ಕವಲುಗಳು ಎಂಬುದು ಅವರ ಎಣಿಕೆ. ಅಪಾಯವನ್ನು ಹಾದು ಬಂದವನೇ ಅನುಭವಿ ಎಂಬ ತಿಳಿವಳಿಕೆ ಈ ಪದಗಳ ನಂಟಿನಲ್ಲಿ ಅಡಗಿದೆ.

ಹಾಗಾದರೆ ಆ ಕಾಲದ ಇಂಗ್ಲಿಷರು ಹೆದರುತ್ತಿರಲಿಲ್ಲವೇ? ಹೆದರುತ್ತಿದ್ದರು, ಅದಕ್ಕೆ ಬೇರೆ ಪದಗಳಿದ್ದವು. ಇಂದಿನ ‘ಫ್ರೈಟ್’ ಮತ್ತು ‘ಡ್ರೆಡ್’ ಪದಗಳ ಪೂರ್ವಜರು ಆಗಲೇ ಬಳಕೆಯಲ್ಲಿದ್ದರು. 12 ಮತ್ತು 13ನೇ ಶತಮಾನಗಳ ಹೊತ್ತಿಗೆ ‘ಫಿಯರ್’ ಕೂಡ ಮನಸ್ಸಿನೊಳಗೆ ಕಾಲಿಟ್ಟಿತು. ಕಾರಣದ ಹೆಸರು ಪರಿಣಾಮಕ್ಕೂ ಅಂಟಿಕೊಂಡಿತು. ಕನ್ನಡದಲ್ಲಿ ಇದಕ್ಕೆ ತಿರುಗುಮುರುಗಾದ ಉದಾಹರಣೆಯೊಂದಿದೆ. ‘ಬೆದರು’ ಎಂದರೆ ಹೆದರಿ ಬೆಚ್ಚುವುದು. ಅದು ಬೆಚ್ಚಿದವನ ಸ್ಥಿತಿ. ಆದರೆ ಅದರಿಂದಲೇ ಹುಟ್ಟಿದ ‘ಬೆದರಿಕೆ’ ಇಂದು ಹೆಚ್ಚಾಗಿ ಇನ್ನೊಬ್ಬರು ಒಡ್ಡುವಂಥದ್ದು. ಇಂಗ್ಲಿಷ್ ಪದ ಹೊರಗಿನಿಂದ ಒಳಗೆ ಬಂದಿದ್ದರೆ, ಕನ್ನಡದ್ದು ಒಳಗಿನಿಂದ ಹೊರಗೆ ಹೋಗಿದೆ.

ಕ್ರಿಯಾಪದದ ಕಥೆ ಇನ್ನೂ ಸ್ವಾರಸ್ಯಕರ. ಕನ್ನಡದಲ್ಲಿ ‘ಹೆದರು’ ಮತ್ತು ‘ಹೆದರಿಸು’ ಬೇರೆ ಬೇರೆ. ಒಂದು ‘ಇಸು’ ಪ್ರತ್ಯಯದಿಂದ ಹೆದರಿದವನು ಯಾರು, ಹೆದರಿಸಿದವನು ಯಾರು ಎಂಬುದು ಸ್ಪಷ್ಟವಾಗುತ್ತದೆ. ಇಂಗ್ಲಿಷಿನಲ್ಲಿ ‘ಫಿಯರ್’ ಕ್ರಿಯಾಪದಕ್ಕೆ ಮೊದಲಿದ್ದುದು ‘ಹೆದರಿಸು’ ಎಂಬ ಅರ್ಥ. ‘ಹೆದರು’ ಎಂಬುದು ಆಮೇಲೆ ಸೇರಿಕೊಂಡು, ಶತಮಾನಗಳ ಕಾಲ ಎರಡೂ ಜೊತೆಯಾಗಿ ಸಾಗಿದವು. ಸುಮಾರು 1604ರಲ್ಲಿ ಷೇಕ್ಸ್‌ಪಿಯರ್ ಬರೆದ ‘ಮೆಷರ್ ಫಾರ್ ಮೆಷರ್’ ನಾಟಕದಲ್ಲಿ, ಕಾನೂನು ಹೊಲದ ಬೆದರುಬೊಂಬೆಯಂತೆ ಆಗಬಾರದು ಎಂದು ಅಧಿಕಾರದಲ್ಲಿರುವ ಪಾತ್ರವೊಂದು ವಾದಿಸುತ್ತದೆ. ಹಕ್ಕಿಗಳನ್ನು ಬೆದರಿಸುವುದಕ್ಕೆ ಅಲ್ಲಿ ಬಳಕೆಯಾಗಿರುವ ಕ್ರಿಯಾಪದ ‘ಫಿಯರ್’. ಇಂದಿನ ಓದುಗ ಅದನ್ನು ‘ಹೆದರು’ ಎಂದು ತಿಳಿದರೆ, ಬೊಂಬೆಯೇ ಹಕ್ಕಿಗೆ ಹೆದರಿದಂತಾಗುತ್ತದೆ!

ಈ ಇಬ್ಬಗೆ ‘ಫಿಯರ್‌ಫುಲ್’ ಪದದಲ್ಲಿ ಇನ್ನೂ ಉಳಿದಿದೆ. ಹೆದರಿದ ಮಗುವೂ ‘ಫಿಯರ್‌ಫುಲ್’, ಹೆದರಿಸುವ ಬಿರುಗಾಳಿಯೂ ‘ಫಿಯರ್‌ಫುಲ್’. ವಾಕ್ಯದ ಸಂದರ್ಭವೇ ಅರ್ಥವನ್ನು ನಿರ್ಧರಿಸಬೇಕು.

ಸಂಬಂಧವಿದ್ದಂತೆ ಕಂಡರೂ ‘ಅಫ್ರೇಡ್’ ಈ ಕುಲದ್ದಲ್ಲ. ಅದು ಫ್ರೆಂಚ್ ಮಾರ್ಗವಾಗಿ ಬಂದದ್ದು. ಮೂಲದಲ್ಲಿ ‘ಶಾಂತಿ ಕಳೆದುಕೊಂಡ’ ಎಂಬ ಅರ್ಥದ್ದು. ಸಾರ್ವಜನಿಕ ಸ್ಥಳದಲ್ಲಿ ಹೊಡೆದಾಡಿ ಶಾಂತಿ ಕದಡುವ ಅಪರಾಧಕ್ಕೆ ಕಾನೂನಿನಲ್ಲಿರುವ ‘ಅಫ್ರೇ’ ಎಂಬ ಹೆಸರು ಇದರ ಒಡಹುಟ್ಟು. ಇಂದು ಕಚೇರಿಗಳಲ್ಲಿ ‘ಐ ಆ್ಯಮ್ ಅಫ್ರೇಡ್’ ಎಂದು ಮಾತು ಆರಂಭಿಸುವವರಿಗೆ ಯಾವ ಹೆದರಿಕೆಯೂ ಇರುವುದಿಲ್ಲ. ‘ಇಲ್ಲ’ ಎನ್ನುವುದಕ್ಕೆ ಮುನ್ನ ತೋರುವ ಸೌಜನ್ಯ ಅದು.

ಪದ ಒಳಗೆ ಬಂದಿತಾದರೂ ಹೊರಗಿನ ನೆನಪನ್ನು ಪೂರ್ಣವಾಗಿ ಬಿಡಲಿಲ್ಲ. ಇದು ಎದ್ದು ಕಾಣುವುದು ಕಾನೂನಿನಲ್ಲಿ. 1860ರ ಭಾರತೀಯ ದಂಡ ಸಂಹಿತೆಯ 90ನೇ ಕಲಮಿನ ಪ್ರಕಾರ, ಹಾನಿಯ ಭಯದಿಂದ ಒಬ್ಬ ವ್ಯಕ್ತಿ ಒಪ್ಪಿಗೆ ಕೊಟ್ಟಿದ್ದು, ಅದು ಎದುರಿನವನಿಗೆ ತಿಳಿದಿದ್ದರೆ, ಆ ಒಪ್ಪಿಗೆ ಒಪ್ಪಿಗೆಯೇ ಅಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 28ನೇ ಕಲಮಿನಲ್ಲೂ ಈ ತತ್ವ ಉಳಿದಿದೆ. ‘ನೀನೇಕೆ ಹೆದರಿದೆ?’ ಎಂದು ಕೇಳಿ ಕಾನೂನು ಸುಮ್ಮನಾಗುವುದಿಲ್ಲ. ಹೆದರಿಕೆಗೆ ಏನು ಕಾರಣ, ಲಾಭ ಪಡೆದವನಿಗೆ ಅದು ಗೊತ್ತಿತ್ತೇ ಎಂದೂ ಕೇಳುತ್ತದೆ.

ಒಬ್ಬನೇ ರಾಜಕಾರಣಿ ಈ ಪದದ ಎರಡೂ ಮುಖಗಳನ್ನು ಜಗತ್ತಿಗೆ ತೋರಿಸಿದ್ದುಂಟು. 1933ರ ಮಾರ್ಚ್ 4ರಂದು ಫ್ರಾಂಕ್ಲಿನ್ ರೂಸ್‌ವೆಲ್ಟ್ ಅಮೆರಿಕದ ಅಧ್ಯಕ್ಷರಾಗಿ ಅಧಿಕಾರ ವಹಿಸಿಕೊಂಡಾಗ ದೇಶ ಆರ್ಥಿಕ ಕುಸಿತದಲ್ಲಿತ್ತು. ಠೇವಣಿ ಮುಳುಗೀತೆಂದು ಜನ ಬ್ಯಾಂಕುಗಳ ಮುಂದೆ ಮುಗಿಬಿದ್ದಿದ್ದರು. ಆ ಗಾಬರಿಯೇ ಬ್ಯಾಂಕುಗಳನ್ನು ಮುಳುಗಿಸುತ್ತಿತ್ತು. ಕಾರಣವಿಲ್ಲದ ಭಯವೇ ನಿಜವಾದ ಶತ್ರು ಎಂಬ ಅರ್ಥದಲ್ಲಿ ಅವರು ಅಂದು ಮಾತನಾಡಿದರು. ಆ ಭಯ ಮನಸ್ಸಿನೊಳಗಿನದು.

ಎಂಟು ವರ್ಷ ಕಳೆಯುವುದರೊಳಗೆ, ಎರಡನೆಯ ಮಹಾಯುದ್ಧ ನಡೆಯುತ್ತಿದ್ದ 1941ರ ಜನವರಿ 6ರಂದು, ಅವರು ನಾಲ್ಕು ಸ್ವಾತಂತ್ರ್ಯಗಳನ್ನು ಕುರಿತು ಭಾಷಣ ಮಾಡಿದರು. ವಾಕ್ ಸ್ವಾತಂತ್ರ್ಯ, ಆರಾಧನೆಯ ಸ್ವಾತಂತ್ರ್ಯ, ಬಡತನದಿಂದ ಬಿಡುಗಡೆಗಳ ನಂತರ ನಾಲ್ಕನೆಯದು ಭಯದಿಂದ ಬಿಡುಗಡೆ. ಇದನ್ನು ವಿವರಿಸುವಾಗ ಅವರು ಧೈರ್ಯದ ಉಪದೇಶ ಮಾಡಲಿಲ್ಲ. ಯಾವ ದೇಶವೂ ನೆರೆಯ ದೇಶದ ಮೇಲೆ ಏರಿ ಹೋಗಲಾಗದಷ್ಟು ಮಟ್ಟಿಗೆ ಜಗತ್ತಿನಾದ್ಯಂತ ಶಸ್ತ್ರಾಸ್ತ್ರ ಕಡಿಮೆಯಾಗಬೇಕು ಎಂದರು. ಇಲ್ಲಿ ‘ಫಿಯರ್’ ಮತ್ತೆ ತನ್ನ ಸಾವಿರ ವರ್ಷದ ಹಿಂದಿನ ಅರ್ಥದ ಹತ್ತಿರ ಬಂದಿತ್ತು: ದಿಢೀರನೆ ಎರಗುವ ದಾಳಿ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಪ್ರಸ್ತಾವನೆಯಲ್ಲೂ ಭಯದಿಂದ ಬಿಡುಗಡೆ ಸೇರಿತು.

ಒಂದು ಪದದ ಅರ್ಥವ್ಯತ್ಯಾಸ ಪಂಡಿತರ ಚರ್ಚೆಗೆ ಮಾತ್ರ ಬಿಟ್ಟ ವಿಷಯವಲ್ಲ. ಭಯವನ್ನು ಬರಿಯ ಭಾವನೆ ಎಂದುಕೊಂಡರೆ ಅದನ್ನು ಗೆಲ್ಲುವ ಹೊಣೆಯೆಲ್ಲ ಹೆದರಿದವನ ತಲೆಯ ಮೇಲೆ ಬೀಳುತ್ತದೆ. ಸಾಲಗಾರರ ಕಾಟಕ್ಕೆ ಸಿಕ್ಕ ರೈತ, ರಾತ್ರಿ ಕೆಲಸ ಮುಗಿಸಿ ಮನೆಗೆ ಮರಳುವ ಹೆಣ್ಣುಮಗಳು, ಯುದ್ಧದ ಗಡಿಯಲ್ಲಿ ಬದುಕುವ ಕುಟುಂಬ ಇವರಿಗೆ ‘ಹೆದರಬೇಡಿ’ ಎಂದು ಹೇಳುವುದು ಸುಲಭ. ಅವರು ಹೆದರುತ್ತಿರುವ ವಸ್ತು ಹೊರಗೆ ನಿಜವಾಗಿಯೂ ನಿಂತಿದೆಯೇ ಎಂದು ಎದ್ದು ಹೋಗಿ ನೋಡಬೇಕೆಂಬುದನ್ನು ಈ ಹಳೆಯ ಪದ ನೆನಪಿಸುತ್ತದೆ.