ಕಾಯು
ಕಾಯು: ಹೊಲ, ಜೀವ, ಮನೆ ಯಾವುದೇ ಇರಲಿ, ಅದರ ಮೇಲೆ ಕಣ್ಣಿಟ್ಟು ಕೇಡು ತಾಗದಂತೆ ಉಳಿಸಿಕೊಳ್ಳುವುದನ್ನು ಹೇಳುವ ಕನ್ನಡ ಕ್ರಿಯಾಪದ. ನಿರೀಕ್ಷಿಸು ಎಂಬ ಅರ್ಥವೂ ಇದಕ್ಕಿದೆ. ತಮಿಳಿನ ಕಾ, ತುಳುವಿನ ಕಾಪುನಿ, ತೆಲುಗಿನ ಕಾಚು ಇದರ ಒಡಹುಟ್ಟುಗಳು. ಕಾವಲು, ಕಾಪು, ಕಾಪಾಡು ಇದೇ ಬೇರಿನವು; ಕುರಿಗಾಹಿಯ ‘ಗಾಹಿ’ಯೂ ಇದರದೇ ರೂಪ. ಬಿಸಿಯಾಗು ಎಂಬರ್ಥದ ಕಾಯು ಬೇರೆಯದು. ಬರೋ ಮತ್ತು ಎಮಿನೋ ಅವರ ದ್ರಾವಿಡ ನಿಷ್ಪತ್ತಿ ನಿಘಂಟು (1961) ಎರಡನ್ನೂ ಪ್ರತ್ಯೇಕವಾಗಿ ನಮೂದಿಸುತ್ತದೆ. ಕಾವು, ಕಾವಲಿ ಆ ಎರಡನೆಯದರ ಬಳಗ. ಕಾಯ್ದೆ ಅರಬ್ಬಿಯಿಂದ ಬಂದ ಪದ, ಇವೆರಡಕ್ಕೂ ಅದಕ್ಕೂ ಸಂಬಂಧವಿಲ್ಲ.

ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಮಸರಕಲ್ ಸೀಮೆಯ ಮಾತಿನಲ್ಲಿ ಈ ಪದಕ್ಕೆ ಬಿಡುವೇ ಇಲ್ಲ. ‘ಹೊಲಾ ಕಾಯಾಕ ಹೋಗ್ಯಾನ’, ‘ಕುರಿ ಕಾಯ್ತಾನ’, ‘ಬಸ್ಸಿಗೆ ಕಾಯಾಕತ್ತೀವಿ’, ‘ದೇವರು ಕಾಯ್ದ’. ಜೋಳದ ತೆನೆಗೆ ಹಾಲು ತುಂಬಿದಾಗ ಹಕ್ಕಿಗಳು ಹಿಂಡು ಹಿಂಡಾಗಿ ಇಳಿಯುತ್ತವೆ. ಆಗ ಮಂಚಿಕೆ ಏರಿ, ಕವಣೆ ಬೀಸಿ, ಡಬ್ಬಿ ಬಡಿದು, ಕೂಗಿ ಬೆಳೆ ಉಳಿಸಿಕೊಳ್ಳುವವರು ದಿನವಿಡೀ ನೋಡುತ್ತಾರೆ, ಹಕ್ಕಿ ಬರುವುದನ್ನು ಎದುರು ನೋಡುತ್ತಾರೆ, ಬಂದರೆ ಓಡಿಸುತ್ತಾರೆ. ಈ ಮೂರೂ ಒಂದೇ ದುಡಿಮೆ. ರಕ್ಷಿಸು, ನಿರೀಕ್ಷಿಸು ಎಂಬ ಅರ್ಥಗಳು ಒಂದೇ ಪದದಲ್ಲಿ ಕೂಡಿರುವುದು ಹೊಲದಲ್ಲಿ ನಿಂತವರಿಗೆ ಸಹಜವಾಗಿಯೇ ಕಾಣುತ್ತದೆ.

ಇಂಗ್ಲಿಷಿನ ‘ವಾಚ್’ ಕೂಡ ಹೀಗೆಯೇ ಬೆಳೆದದ್ದು. ಅದರ ಹಳೆಯ ಅರ್ಥ ಎಚ್ಚರವಾಗಿರು. ‘ವೇಕ್’ ಅದರ ಸೋದರ ಪದ. ರಾತ್ರಿ ಎಚ್ಚರವಿದ್ದು ಕಾವಲಿರುವುದು, ಆ ಕಾವಲಿನ ಒಂದು ಪಾಳಿ, ಕೊನೆಗೆ ಹೊತ್ತು ತೋರಿಸುವ ಕೈಗಡಿಯಾರ ಎಂದು ಅರ್ಥ ಹಬ್ಬಿತು. ‘ವೇಟ್’ ಸಹ ಹಳೆಯ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದಾಗ ಹೊಂಚಿ ನೋಡು ಎಂಬ ಅರ್ಥ ಹೊತ್ತಿತ್ತು. ಅದರ ಬೇರೂ ಇದೇ ಜರ್ಮಾನಿಕ್ ಕುಲದ್ದು.

ಕಾವಲು ಮತ್ತು ಹೊತ್ತಿನ ಈ ನಂಟಿಗೆ ಪಹರೆಯ ಕತೆ ಇನ್ನೂ ಹತ್ತಿರ. ಸಂಸ್ಕೃತದ ಪ್ರಹರ ಎಂದರೆ ಮೂರು ಗಂಟೆಯ ಹೊತ್ತು, ನಮ್ಮ ಜಾವ. ಅದೇ ಹಿಂದಿ, ಉರ್ದುಗಳಲ್ಲಿ ಪಹರಾ ಎಂದಾಗಿ ಕಾವಲಿನ ಅರ್ಥ ಪಡೆಯಿತು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ರಾಯಚೂರು ಸೀಮೆಗೆ ಉರ್ದು ಹೊಸತಲ್ಲ. ಆದರೂ ಪಹರೆ, ಕಾಯು ಎಂಬ ಎರಡು ಪದಗಳು ಕೆಲಸ ಹಂಚಿಕೊಂಡಿವೆ. ಪೊಲೀಸರು, ಸೆರೆಮನೆ, ಗಡಿಯ ಸುದ್ದಿಗೆ ಪಹರೆ ಬಳಕೆಯಾಗುತ್ತದೆ. ಹೊಲ, ಕುರಿ, ಕೂಸು, ದೇವರ ಮಾತಿಗೆ ಕಾಯು ಎಂಬುದೇ ಬರುತ್ತದೆ.