ಚಲಚ್ಚಿತ್ರದಲ್ಲಿ ಮನೋರೋಗಿ: ಆಸ್ಪತ್ರೆಯಿಂದ ಮನೆಯವರೆಗೆ

ಹುಚ್ಚನ್ನು ತೋರಿಸುವುದು ಚಲಚ್ಚಿತ್ರಕ್ಕೆ ಸುಲಭ. ಅದರ ಚಿಕಿತ್ಸೆಯನ್ನು ತೋರಿಸುವುದು ಕಷ್ಟ. ಕೆದರಿದ ಕೂದಲು, ನೆಲೆನಿಲ್ಲದ ನೋಟ, ಕಾರಣವಿಲ್ಲದ ನಗೆ – ಇಷ್ಟರಿಂದಲೇ ರೋಗಿಯು ತೆರೆಯ ಮೇಲೆ ಸಿದ್ಧನಾಗುತ್ತಾನೆ. ಆದರೆ ತಿಂಗಳುಗಟ್ಟಲೆ ಸಾಗುವ ಔಷಧೋಪಚಾರ, ವೈದ್ಯನೊಡನೆ ಮತ್ತೆ ಮತ್ತೆ ನಡೆಯುವ ಮಾತುಕತೆ, ಮೆಲ್ಲಮೆಲ್ಲನೆ ಮರಳುವ ನೆಮ್ಮದಿ ಇವು ನೋಟಕರನ್ನು ಹಿಡಿದು ಕೂರಿಸುವಂಥವಲ್ಲ. ಆದುದರಿಂದ ನಮ್ಮ ಚಲಚ್ಚಿತ್ರಗಳು ಚಿಕಿತ್ಸೆಯ ಸ್ಥಾನದಲ್ಲಿ ಏನನ್ನು ಇರಿಸಿದವು, ಕನ್ನಡ ಚಿತ್ರವೊಂದು ಆ ಪದ್ಧತಿಯನ್ನು ಹೇಗೆ ಮೀರಿತು ಎಂಬುದನ್ನು ಇಲ್ಲಿ ಪರಿಶೀಲಿಸಬಹುದು.

ಮೊದಲನೆಯದು ಪ್ರೇಮ. 1959ರಲ್ಲಿ ಅಸಿತ್ ಸೇನ್ ಬಂಗಾಳಿಯಲ್ಲಿ ‘ದೀಪ್ ಜ್ವೇಲೆ ಜಾಯ್’ ಚಿತ್ರವನ್ನು ನಿರ್ದೇಶಿಸಿದರು. ಹತ್ತು ವರ್ಷಗಳ ಅನಂತರ ಅದೇ ಕಥೆಯನ್ನು ‘ಖಾಮೋಶಿ’ ಎಂದು ಹಿಂದಿಗೆ ತಂದರು. ದಾದಿಯ ಪಾತ್ರವನ್ನು ಮೊದಲನೆಯದರಲ್ಲಿ ಸುಚಿತ್ರಾ ಸೇನ್, ಎರಡನೆಯದರಲ್ಲಿ ವಹೀದಾ ರೆಹಮಾನ್ ವಹಿಸಿದರು. ಪ್ರೇಮಭಂಗದಿಂದ ಬುದ್ಧಿ ಕೆಟ್ಟವನನ್ನು ಪ್ರೇಮದ ಅಭಿನಯದಿಂದಲೇ ಗುಣಪಡಿಸಬಹುದೆಂಬುದು ಹಿರಿಯ ವೈದ್ಯನ ಪ್ರಯೋಗ. ರೋಗಿಯು ಗುಣಹೊಂದಿ ಹೊರಟುಹೋಗುತ್ತಾನೆ. ಅಭಿನಯಿಸಲಾರದೆ ನಿಜವಾಗಿಯೇ ಪ್ರೀತಿಸಿದ ದಾದಿಯು ಕೊನೆಗೆ ತಾನೇ ರೋಗಿಯಾಗಿ ಅದೇ ಆಸ್ಪತ್ರೆಯನ್ನು ಸೇರುತ್ತಾಳೆ. ಕಥೆಯಲ್ಲಿ ಕರುಣೆಯಿದೆ, ಸಂದೇಹವಿಲ್ಲ. ಆದರೆ ಅಲ್ಲಿ ವೈದ್ಯಶಾಸ್ತ್ರವು ಹಿಂದೆ ಸರಿದು, ಹೆಣ್ಣಿನ ತ್ಯಾಗವೇ ಔಷಧವಾಗಿದೆ.

ಎರಡನೆಯದು ದಂಡನೆ. ವಿದ್ಯುತ್ ಚಿಕಿತ್ಸೆಯನ್ನು 1938ರಲ್ಲಿ ರೋಮ್ ನಗರದಲ್ಲಿ ಚೆರ್ಲೆಟ್ಟಿ ಮತ್ತು ಬಿನಿ ಎಂಬ ವೈದ್ಯರು ಮೊದಲು ಪ್ರಯೋಗಿಸಿದರು. ಆರಂಭದಲ್ಲಿ ಅರಿವಳಿಕೆಯಿಲ್ಲದೆ ನಡೆಯುತ್ತಿದ್ದ ಈ ಕ್ರಮವು ಮುಂದೆ ಅರಿವಳಿಕೆ ಹಾಗೂ ಸ್ನಾಯುಗಳನ್ನು ಸಡಿಲಿಸುವ ಔಷಧಗಳ ನೆರವಿನಿಂದ ಸುಧಾರಿಸಿತು. ತೀವ್ರ ಖಿನ್ನತೆಯಲ್ಲಿ ಇಂದಿಗೂ ಉಪಯುಕ್ತವಾಗಿದೆ. ತೆರೆಯ ಮೇಲೆ ಮಾತ್ರ ಅದು ಮಂಚಕ್ಕೆ ಕಟ್ಟಿದ ದೇಹ, ಚೀರಾಟ, ನಿರ್ದಯ ವೈದ್ಯ – ಈ ಚಿತ್ರದಲ್ಲಿಯೇ ಬಹುಕಾಲ ನಿಂತುಬಿಟ್ಟಿತು. 1993ರ ‘ದಾಮಿನಿ’ಯಲ್ಲಿ ಸತ್ಯ ನುಡಿಯುವ ಸೊಸೆಯ ಬಾಯಿ ಮುಚ್ಚಿಸಲು ಹುಚ್ಚಾಸ್ಪತ್ರೆಯೇ ಸಾಧನವಾಗುತ್ತದೆ. ಇಂತಹ ಚಿತ್ರಗಳನ್ನೇ ನೋಡುತ್ತ ಬೆಳೆದ ಕುಟುಂಬವು ಮನೋವೈದ್ಯನ ಬಾಗಿಲನ್ನು ತಟ್ಟಲು ಅಂಜಿದರೆ ಅದರಲ್ಲಿ ಆಶ್ಚರ್ಯವೇನು?

ಈ ಹಿನ್ನೆಲೆಯಲ್ಲಿ 1972ರ ‘ಶರಪಂಜರ’ವನ್ನು ನೋಡಬೇಕು. ಅದರ ಮೂಲ ತ್ರಿವೇಣಿಯವರ ಕಾದಂಬರಿ. ಮನಶ್ಶಾಸ್ತ್ರವನ್ನು ಅಭ್ಯಾಸ ಮಾಡಿದ್ದ ಈ ಲೇಖಕಿ 1963ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮೊದಲೇ, ತೀರಿಕೊಂಡರು. ಪುಟ್ಟಣ್ಣ ಕಣಗಾಲರ ನಿರ್ದೇಶನದಲ್ಲಿ ಕಲ್ಪನಾ ಅಭಿನಯಿಸಿದ ಕಾವೇರಿಯು ಹೆರಿಗೆಯ ಅನಂತರ ಮನೋರೋಗಕ್ಕೆ ತುತ್ತಾಗಿ, ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು, ಗುಣಹೊಂದಿ ಮನೆಗೆ ಮರಳುತ್ತಾಳೆ. ಇತರ ಚಿತ್ರಗಳು ಮುಗಿಯುವ ಈ ಸ್ಥಳದಲ್ಲಿಯೇ ‘ಶರಪಂಜರ’ದ ನಿಜವಾದ ಕಥೆ ತೊಡಗುತ್ತದೆ. ವೈದ್ಯನು ಗುಣವಾಯಿತೆಂದರೂ ನೆರೆಹೊರೆ ಒಪ್ಪದು. ಗಂಡನು ದೂರ ಸರಿದು ಬೇರೊಬ್ಬಳ ಕಡೆಗೆ ತಿರುಗಿದ್ದಾನೆ. ನಕ್ಕರೂ ಹುಚ್ಚು, ಅತ್ತರೂ ಹುಚ್ಚು ಎಂಬ ದೃಷ್ಟಿಯ ಬಾಣಗಳೇ ಅವಳ ಸುತ್ತಲಿನ ಪಂಜರ. ಅವಳು ಮತ್ತೆ ಸ್ಥಿಮಿತ ಕಳೆದುಕೊಂಡರೆ ಸೋತುದು ಆಸ್ಪತ್ರೆಯಲ್ಲ, ಮನೆ.

ಈ ಕಥೆ ಕನ್ನಡನಾಡಿನಲ್ಲಿ ಹುಟ್ಟಿದ ಕಾಲವನ್ನೂ ಗಮನಿಸಬೇಕು. ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಗಿ, ಡಾ. ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರಾದರು. 1974ರಲ್ಲಿ ಅದು ನಿಮ್ಹಾನ್ಸ್ ಸಂಸ್ಥೆಯಲ್ಲಿ ಲೀನವಾಯಿತು. ವೈದ್ಯರು ಸಿದ್ಧರಾಗುತ್ತಿದ್ದರು, ಸಮಾಜ ಸಿದ್ಧವಾಗಿತ್ತೆ ಎಂಬುದು ತ್ರಿವೇಣಿಯವರ ಪ್ರಶ್ನೆ.

ಮುಂದಿನ ಚಿತ್ರಗಳು ಈ ಪ್ರಶ್ನೆಯನ್ನು ಮುಂದುವರಿಸಿದವೆಂದು ಹೇಳಲಾಗದು. ಪುಟ್ಟಣ್ಣನವರದೇ ಆದ ‘ಮಾನಸ ಸರೋವರ’ದಲ್ಲಿ (1982) ರೋಗಿಯನ್ನು ಪ್ರೀತಿಸಿದ ಮನೋವೈದ್ಯನೇ ಬುದ್ಧಿಭ್ರಮಣೆಗೆ ಒಳಗಾಗುತ್ತಾನೆ, ‘ಖಾಮೋಶಿ’ಯ ದಾದಿಯ ನೆನಪಾಗದಿರದು. ಮಲಯಾಳದ ‘ಮಣಿಚಿತ್ರತ್ತಾಳ್’ (1993) ಕಥೆಯನ್ನು ಆಧರಿಸಿದ ‘ಆಪ್ತಮಿತ್ರ’ (2004) ದೆವ್ವದ ಮಾತಿಗೆ ಬದಲಾಗಿ ಮನೋರೋಗವೆಂಬ ವಿವರಣೆಯನ್ನು ಕೊಟ್ಟುದು ಶ್ಲಾಘ್ಯ. ಆದರೂ ಒಂದು ನಾಟಕೀಯ ಪ್ರಯೋಗದಲ್ಲಿಯೇ ಅಲ್ಲಿ ರೋಗ ವಾಸಿಯಾಗಿ, ಗುಣವಾದವಳ ಮುಂದಿನ ಬದುಕು ಕಥೆಯ ಹೊರಗುಳಿಯುತ್ತದೆ.

ಕಾನೂನು ಮಾತ್ರ ತಡವಾಗಿಯಾದರೂ ಕಾವೇರಿಯ ಬಳಿಗೆ ಬಂದಿದೆ. 2017ರ ಮಾನಸಿಕ ಆರೋಗ್ಯ ಪಾಲನಾ ಅಧಿನಿಯಮವು ಅರಿವಳಿಕೆಯಿಲ್ಲದ ವಿದ್ಯುತ್ ಚಿಕಿತ್ಸೆಯನ್ನು ನಿಷೇಧಿಸಿತು. ಅಷ್ಟೇ ಅಲ್ಲ, ಮನೆಯವರು ಸ್ವೀಕರಿಸರೆಂಬ ಒಂದೇ ಕಾರಣಕ್ಕಾಗಿ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳಲಾಗದೆಂದೂ, ಸಮಾಜದ ನಡುವೆ ಬಾಳುವುದು ರೋಗಿಯ ಹಕ್ಕೆಂದೂ ವಿಧಿಸಿತು. ಆದರೆ ಅಧಿನಿಯಮವು ಆಸ್ಪತ್ರೆಯ ಬಾಗಿಲನ್ನು ತೆರೆಯಿಸಬಲ್ಲುದೇ ಹೊರತು ಮನೆಯವರ ಮನಸ್ಸನ್ನಲ್ಲ. ಆ ಕೆಲಸಕ್ಕೆ ಕಥೆಗಳು ಬೇಕು. ಅಂತಹದೊಂದು ಕಥೆಯನ್ನು ಕನ್ನಡವು ಅಧಿನಿಯಮಕ್ಕಿಂತ ನಾಲ್ವತ್ತೈದು ವರ್ಷ ಮೊದಲೇ ತೆರೆಯ ಮೇಲೆ ತಂದಿತ್ತೆಂಬುದನ್ನು, ಪರಭಾಷೆಯ ಚಿತ್ರಗಳ ನಡುವೆ ಬಾಳುವ ನಾವು ನೆನೆಯುವುದು ಉಚಿತ.